ಮಾರ್ಗೋ ತೋಟದ ಎರಡನೇ ವೈನ್

1908ರಲ್ಲಿ ಫ್ರಾನ್ಸಿನ ಹೆಸರಾಂತ ದ್ರಾಕ್ಷಿ ತೋಟವೊಂದು ತನ್ನ ಎರಡನೇ ದರ್ಜೆಯ ವೈನಿಗೂ ಒಂದು ಹೆಸರು ಕೊಟ್ಟಿತು. ತೋಟ ಶಾತೊ ಮಾರ್ಗೋ. ಎರಡನೇ ವೈನಿಗೆ ಇಟ್ಟ ಹೆಸರು ‘ಪವಿಯೋಂ ರೂಜ್’. ಪವಿಯೋಂ ಅಂದರೆ ಮಂಟಪವೂ ಹೌದು, ಬಾವುಟವೂ ಹೌದು. ರೂಜ್ ಅಂದರೆ ಕೆಂಪು. ಆ ಹೆಸರು ಕೆಲವು ವರ್ಷ ನಡೆಯಿತು, ಆಮೇಲೆ ನಾಲ್ಕು ದಶಕಕ್ಕೂ ಹೆಚ್ಚು ಕಾಲ ಕಾಣೆಯಾಗಿತ್ತು. ತೋಟವೇ ಮುಳುಗುವ ಹೊತ್ತಿಗೆ ಮತ್ತೆ ಹೊರಬಂತು. ವೈನಿನ ರುಚಿಯ ಮಾತನ್ನು ಬಲ್ಲವರಿಗೆ ಬಿಡೋಣ. ನಮಗೆ ಕುತೂಹಲ ಹುಟ್ಟಿಸಿದ್ದು ಬೇರೆ ವಿಷಯ. ಒಂದೇ ತೋಟದ, ಒಂದೇ ಕೊಯ್ಲಿನ ಹಣ್ಣಿನಲ್ಲಿ ಯಾವುದು ದೊಡ್ಡ ಹೆಸರಿಗೆ ಸೇರಬೇಕು, ಯಾವುದು ಸೇರಬಾರದು ಎಂದು ತೀರ್ಮಾನಿಸುವವರು ಯಾರು? ಹಾಗೆ ತೀರ್ಮಾನಿಸುವ ಶಕ್ತಿ ಯಾರಿಗಿದೆ?

ಮೊದಲು ಜಾಗದ ಪರಿಚಯ. ಫ್ರಾನ್ಸಿನ ನೈಋತ್ಯದಲ್ಲಿ ಬೋರ್ಡೋ ನಗರವಿದೆ. ಅಲ್ಲಿಂದ ಉತ್ತರಕ್ಕೆ ಹೋದರೆ ಜಿರೋಂದ್ ಎಂಬ ಅಗಲವಾದ ಅಳಿವೆಯ ಎಡದಂಡೆಗೆ ಮೆದೋಕ್ ಸೀಮೆ ಸಿಗುತ್ತದೆ. ನೆಲ ಬಹುಪಾಲು ಗರಸು. ಬೇರೆ ಬೆಳೆಗೆ ಅಷ್ಟಾಗಿ ಒಗ್ಗದ ಈ ನೆಲ ನೀರನ್ನು ಬೇಗ ಬಸಿಯುತ್ತದೆ, ಬಿಸಿಲಿನ ಕಾವನ್ನು ಹಿಡಿದಿಡುತ್ತದೆ. ಕಬರ್ನೆ ಸೋವಿನ್ಯೋ ಎಂಬ ತಡವಾಗಿ ಮಾಗುವ ಕಪ್ಪು ದ್ರಾಕ್ಷಿಗೆ ಇದೇ ಬೇಕು. (ಇದೇ ತಳಿಯನ್ನು ನಮ್ಮ ನಂದಿ ಬೆಟ್ಟದ ಆಸುಪಾಸಿನಲ್ಲಿ ಗ್ರೋವರ್ ಕಂಪನಿ ಬೆಳೆಸಿತು, ಬೋರ್ಡೋದ ವೈನ್ ತಜ್ಞ ಮಿಶೆಲ್ ರೋಲಾಂ ಅವರ ಸಲಹೆಯನ್ನೂ ಪಡೆಯಿತು. ದೊಡ್ಡಬಳ್ಳಾಪುರದ ಕಡೆಯ ಓದುಗರಿಗೆ ಈ ಹೆಸರು ಹೊಸದೇನಲ್ಲ.) ಮಾರ್ಗೋ ತೋಟದಲ್ಲಿ ಕೆಂಪು ವೈನಿಗೆಂದು ಇರುವ ಬಳ್ಳಿ ಸುಮಾರು 80 ಹೆಕ್ಟೇರು, ಅಂದರೆ ಇನ್ನೂರು ಎಕರೆಯ ಆಸುಪಾಸು. ಅದರಲ್ಲಿ ಮುಕ್ಕಾಲು ಪಾಲು ಕಬರ್ನೆ.

ತೋಟದ ಕೀರ್ತಿ ಹಳೆಯದು. ಮುಂದೆ ಅಮೆರಿಕದ ಅಧ್ಯಕ್ಷರಾದ ಥಾಮಸ್ ಜೆಫರ್ಸನ್ 1787ರಲ್ಲಿ ಬೋರ್ಡೋಗೆ ಬಂದಾಗ ಬರೆದುಕೊಂಡ ನಾಲ್ಕು ಉತ್ತಮ ತೋಟಗಳ ಪಟ್ಟಿಯಲ್ಲಿ ಮಾರ್ಗೋ ಇತ್ತು. ಆದರೆ ಕೀರ್ತಿಗೆ ಸರಕಾರಿ ಮುದ್ರೆ ಬಿದ್ದದ್ದು 1855ರಲ್ಲಿ. ಮೂರನೇ ನೆಪೋಲಿಯನ್ ಪ್ಯಾರಿಸ್ಸಿನಲ್ಲಿ ಭಾರೀ ವಸ್ತುಪ್ರದರ್ಶನ ಏರ್ಪಡಿಸಿದ್ದ. ಅಲ್ಲಿಗೆ ಕಳಿಸುವ ವೈನುಗಳ ಜೊತೆ ಒಂದು ದರ್ಜೆ ಪಟ್ಟಿ ಇರಲಿ ಎಂದು ಬೋರ್ಡೋ ವಾಣಿಜ್ಯ ಮಂಡಳಿ ಊರಿನ ವೈನ್ ದಲ್ಲಾಳಿಗಳಿಗೆ ಹೇಳಿತು. ದಲ್ಲಾಳಿಗಳು ತೋಟ ಸುತ್ತಲಿಲ್ಲ, ಹೊಸದಾಗಿ ರುಚಿ ನೋಡುವ ಶ್ರಮವನ್ನೂ ತೆಗೆದುಕೊಳ್ಳಲಿಲ್ಲ. ವರ್ಷಾನುಗಟ್ಟಲೆ ಯಾವ ತೋಟದ ಮಾಲು ಎಷ್ಟಕ್ಕೆ ಹೋಗಿದೆ ಎಂಬ ಲೆಕ್ಕ ಅವರ ಬಳಿ ಇದ್ದೇ ಇತ್ತು. ಹೆಚ್ಚು ಬೆಲೆಯದು ಮೇಲೆ, ಕಡಿಮೆ ಬೆಲೆಯದು ಕೆಳಗೆ. ಏಪ್ರಿಲ್ 18ರಂದು ಪಟ್ಟಿ ಸಿದ್ಧವಾಯಿತು. ಕೆಂಪು ವೈನಿಗೆ ಐದು ದರ್ಜೆ. ಮೊದಲ ದರ್ಜೆಯಲ್ಲಿ ನಾಲ್ಕೇ ಹೆಸರು: ಲಾಫಿತ್, ಲಾತೂರ್, ಮಾರ್ಗೋ, ಓ-ಬ್ರಿಯೋಂ.

ಈ ಪಟ್ಟಿಯ ವಿಚಿತ್ರ ಎಂದರೆ ಅದು ಅಲ್ಲೇ ಹೆಪ್ಪುಗಟ್ಟಿತು. ಮೂತೋಂ ರೋಥ್‌ಶೀಲ್ಡ್ ಎರಡನೇ ದರ್ಜೆಯಿಂದ ಮೊದಲನೆಯದಕ್ಕೆ ಏರಿದ್ದು 1973ರಲ್ಲಿ, ಜಾಕ್ ಶಿರಾಕ್ ಕೃಷಿ ಮಂತ್ರಿಯಾಗಿದ್ದಾಗ. ಅದನ್ನು ಬಿಟ್ಟರೆ ದೊಡ್ಡ ಬದಲಾವಣೆಯೇ ಆಗಿಲ್ಲ. ದರ್ಜೆ ಸಿಕ್ಕಿರುವುದು ತೋಟದ ಹೆಸರಿಗೆ. ಮಾಲೀಕ ಪಕ್ಕದ ಜಮೀನು ಕೊಂಡು ಸೇರಿಸಿದರೂ ದರ್ಜೆ ಅದೇ, ಹತ್ತು ವರ್ಷ ಕೆಟ್ಟ ವೈನ್ ಮಾಡಿದರೂ ದರ್ಜೆ ಅದೇ. ಅಂದಮೇಲೆ ಮೊದಲ ದರ್ಜೆಯ ತೋಟವನ್ನು ಸರಿದಾರಿಯಲ್ಲಿ ಇಡುವವರು ಇಬ್ಬರೇ. ಒಬ್ಬ ಕೊಳ್ಳುವವನು, ಇನ್ನೊಬ್ಬ ಮಾಲೀಕನೇ. ಎರಡನೇ ವೈನ್ ಮುಖ್ಯವಾಗುವುದು ಇಲ್ಲಿ.

ಅದು ಹೇಗೆ ಹುಟ್ಟುತ್ತದೆ ನೋಡಿ. ತೋಟ ಹತ್ತಾರು ತುಂಡುಗಳಾಗಿ ಹಂಚಿಹೋಗಿದೆ. ಒಂದು ತುಂಡಿನಲ್ಲಿ ಗರಸು ಆಳ, ಇನ್ನೊಂದರಲ್ಲಿ ಜೇಡಿ ಹೆಚ್ಚು. ಒಂದರಲ್ಲಿ ಐವತ್ತು ವರ್ಷದ ಬಳ್ಳಿ, ಪಕ್ಕದಲ್ಲೇ ಮೊನ್ನೆ ಮೊನ್ನೆ ನೆಟ್ಟದ್ದು. ಕೈಯಿಂದ ಕೊಯ್ದ ಹಣ್ಣನ್ನು ತುಂಡುವಾರು ಬೇರೆ ಬೇರೆ ತೊಟ್ಟಿಯಲ್ಲಿ ಹುಳಿಸುತ್ತಾರೆ. ಚಳಿಗಾಲ ಕಳೆಯುವ ಹೊತ್ತಿಗೆ ತೋಟದ ಮುಖ್ಯಸ್ಥರು ಒಂದೊಂದು ತೊಟ್ಟಿಯದನ್ನೂ ಬಾಯಿಗೆ ಹಾಕಿ ನೋಡಿ, ಯಾವುದರ ಜೊತೆ ಯಾವುದನ್ನು ಬೆರೆಸಿದರೆ ಆ ವರ್ಷದ ಶಾತೊ ಮಾರ್ಗೋ ಆಗುತ್ತದೆ ಎಂದು ನಿರ್ಧರಿಸುತ್ತಾರೆ. ಹೊರಗುಳಿದ ತೊಟ್ಟಿಗಳಲ್ಲಿ ಚೆನ್ನಾಗಿರುವುದು ಎರಡನೇ ವೈನಿಗೆ. ಇದು ಕೊಳೆತದ್ದೋ ಹುಳ ಬಿದ್ದದ್ದೋ ಅಲ್ಲ. ಎಳೆ ಬಳ್ಳಿಯ ಹಣ್ಣಿನ ರಸ ತೆಳ್ಳಗಿರುತ್ತದೆ, ಇಪ್ಪತ್ತು ಮೂವತ್ತು ವರ್ಷ ಇಟ್ಟು ಬೆಳೆಸುವಷ್ಟು ಕಸುವು ಅದಕ್ಕಿರುವುದಿಲ್ಲ, ಅಷ್ಟೇ. ಹಾಗಾಗಿ ಎರಡನೇ ವೈನನ್ನು ಹೊಸ ಓಕ್ ಪೀಪಾಯಿಗಳಲ್ಲಿ ಅಷ್ಟಾಗಿ ಇಡುವುದಿಲ್ಲ, ಕುಡಿಯಲೂ ಬೇಗ ಸಿದ್ಧವಾಗುತ್ತದೆ.

ಎಳೆ ಬಳ್ಳಿಗಳ ಸಮಸ್ಯೆ ಮಾರ್ಗೋಗೆ ಬಂದದ್ದು ಒಂದು ಕೀಟದಿಂದ. ಹತ್ತೊಂಬತ್ತನೇ ಶತಮಾನದ ಕೊನೆಯ ಭಾಗದಲ್ಲಿ ಫಿಲಾಕ್ಸೆರಾ ಎಂಬ ಬೇರು ಹೀರುವ ಹೇನು ಅಮೆರಿಕದಿಂದ ಬಂದು ಫ್ರಾನ್ಸಿನ ದ್ರಾಕ್ಷಿ ತೋಟಗಳನ್ನೆಲ್ಲ ನುಂಗಿತು. ಕೊನೆಗೆ ಸಿಕ್ಕ ಉಪಾಯ, ಅಮೆರಿಕದ ಬೇರಿಗೆ ಫ್ರೆಂಚ್ ಬಳ್ಳಿಯನ್ನು ಕಸಿ ಮಾಡುವುದು. ಇಡೀ ತೋಟ ಮತ್ತೆ ನೆಡಬೇಕು ಅಂದರೆ ಎಳೆ ಬಳ್ಳಿಯದೇ ರಾಶಿ. ಆಗ ಮಾರ್ಗೋ ತೋಟದ ಒಡೆಯ ಬ್ಯಾಂಕರ್ ಮನೆತನದ ಕೌಂಟ್ ಪಿಯೆ-ವಿಲ್. 1879ರಲ್ಲಿ ತೋಟ ಕೊಂಡಿದ್ದ. ಎಳೆ ಬಳ್ಳಿಯ ವೈನನ್ನು ದೊಡ್ಡ ಹೆಸರಿನಡಿ ತಳ್ಳುವ ಬದಲು ಬೇರೆ ತೆಗೆದಿಡಲಾಯಿತು, ಕಡೆಗೆ 1908ರಲ್ಲಿ ಅದಕ್ಕೆ ಸ್ವಂತ ಹೆಸರು ಬಂತು.

ಹೆಸರು ಇಡುವುದು ಆಗ ಇಂದಿನಷ್ಟು ಸುಲಭದ ಮಾತಾಗಿರಲಿಲ್ಲ. ಅಂದಿನ ಕಾಲಕ್ಕೆ ಬೋರ್ಡೋದ ವೈನ್ ಬಹುಪಾಲು ತೋಟದಿಂದ ಪೀಪಾಯಿಯಲ್ಲೇ ಹೊರಡುತ್ತಿತ್ತು. ನದಿ ದಂಡೆಯ ಶಾರ್ತ್ರೋಂ ಬೀದಿಯ ಸಗಟು ವ್ಯಾಪಾರಿಗಳು ತಮ್ಮ ಗೋದಾಮಿನಲ್ಲಿ ಅದನ್ನು ಬೆಳೆಸಿ, ಬಾಟಲಿಗೆ ತುಂಬಿ, ಲೇಬಲ್ ಹಚ್ಚಿ ಇಂಗ್ಲೆಂಡಿಗೂ ಹಾಲೆಂಡಿಗೂ ಕಳಿಸುತ್ತಿದ್ದರು. ನಡುವೆ ಏನು ಬೆರೆಯಿತು ಎಂಬುದು ಬೆಳೆದವನಿಗೆ ಗೊತ್ತಾಗುತ್ತಿರಲಿಲ್ಲ. 1924ರಲ್ಲಿ ಮೊದಲ ದರ್ಜೆಯ ತೋಟಗಳು ತಮ್ಮ ವೈನನ್ನು ತೋಟದಲ್ಲೇ ಬಾಟಲಿಗೆ ತುಂಬಲು ಹೊರಟವು. ಇದಕ್ಕೆ ಹುಮ್ಮಸ್ಸು ತುಂಬಿದವನು ಮೂತೋಂ ತೋಟದ ಇಪ್ಪತ್ತೆರಡು ವರ್ಷದ ಫಿಲಿಪ್ ದ ರೋಥ್‌ಶೀಲ್ಡ್. ಆಗಿನ್ನೂ ಅವನ ತೋಟದ್ದು ಎರಡನೇ ದರ್ಜೆ. ಬಾಟಲಿಯ ಮೇಲಿನ ಹೆಸರಿಗೆ ಬೆಳೆಗಾರ ತಾನೇ ಜವಾಬ್ದಾರ ಆದದ್ದು ಅಲ್ಲಿಂದ.

ಇದೇ ಫಿಲಿಪ್‌ನ ಎರಡನೇ ವೈನಿನ ಕಥೆಯನ್ನು ಇಲ್ಲಿ ಬಿಟ್ಟುಬಿಡಲು ಮನಸ್ಸಾಗದು. 1930ರ ಬೆಳೆ ಕೆಟ್ಟಿತ್ತು. ಮೂತೋಂ ಹೆಸರಿಗೆ ತಕ್ಕುದಲ್ಲ ಎಂದು ಅದನ್ನು ‘ಮೂತೋಂ ಕಾದೆ’ ಎಂಬ ಹೆಸರಿನಲ್ಲಿ ಮಾರಿದ. ಕಾದೆ ಅಂದರೆ ಮನೆಯ ಕಿರಿಯ. ಫಿಲಿಪ್ ತನ್ನ ಮನೆಯಲ್ಲಿ ಕಿರಿಯ ಮಗ. ಕಡಿಮೆ ಬೆಲೆಗೆ ದೊಡ್ಡ ಹೆಸರಿನ ನೆರಳು ಸಿಕ್ಕಿದ್ದರಿಂದ ಜನ ಮುಗಿಬಿದ್ದು ಕೊಂಡರು. ತೋಟದ ಹಣ್ಣು ಸಾಲದಾಯಿತು. ಹೊರಗಿನಿಂದ ವೈನ್ ಕೊಂಡು ತುಂಬುತ್ತಾ ಹೋಗಿ ಕೊನೆಗೆ ಮೂತೋಂ ತೋಟಕ್ಕೂ ಆ ಬಾಟಲಿಗೂ ಹೆಸರಿನ ಹೊರತು ನಂಟು ಉಳಿಯಲಿಲ್ಲ. ಇಂದು ಅದು ಜಗತ್ತಿನ ಅಂಗಡಿಗಳಲ್ಲೆಲ್ಲ ಸಿಗುವ ಸಾಮಾನ್ಯ ಬೋರ್ಡೋ ಬ್ರ್ಯಾಂಡ್. ವ್ಯಾಪಾರವಾಗಿ ಗೆದ್ದಿತು, ಎರಡನೇ ವೈನ್ ಆಗಿ ಉಳಿಯಲಿಲ್ಲ. ಮೂತೋಂ ತೋಟ ತನ್ನದೇ ಹಣ್ಣಿನ ಎರಡನೇ ವೈನನ್ನು ಹೊಸದಾಗಿ ಶುರು ಮಾಡಬೇಕಾಗಿ ಬಂದದ್ದು 1993ರಲ್ಲಿ.

ಮಾರ್ಗೋದಲ್ಲಿ ಆದದ್ದೇ ಬೇರೆ. 1930ರ ದಶಕದ ಆರ್ಥಿಕ ಕುಸಿತದ ದಿನಗಳಲ್ಲಿ ಪವಿಯೋಂ ರೂಜ್ ಹೆಸರು ಮಾಯವಾಯಿತು. ತೋಟ ಬೋರ್ಡೋದ ವ್ಯಾಪಾರಿ ಮನೆತನ ಜಿನೆಸ್ತೆಯವರ ಕೈಗೆ ಬಂತು. 1960ರ ದಶಕದ ಹೊತ್ತಿಗೆ ಶಾತೊ ಮಾರ್ಗೋ ತನ್ನ ದರ್ಜೆಗೆ ತಕ್ಕ ವೈನ್ ಮಾಡುತ್ತಿಲ್ಲ ಎಂಬ ಮಾತು ಹಬ್ಬಿತ್ತು. 1855ರ ಪಟ್ಟಿ ಮಾತ್ರ ಗೋಡೆಯ ಮೇಲೆ ಹಾಗೇ ತೂಗುತ್ತಿತ್ತು.

ಆಮೇಲೆ ಬಂತು ಹೊಡೆತ. 1970ರ ದಶಕದ ಆರಂಭದಲ್ಲಿ ಬೋರ್ಡೋ ವೈನಿನ ಬೆಲೆ ಹುಚ್ಚಾಪಟ್ಟೆ ಏರಿತ್ತು. 1972ರ ಬೆಳೆ ಕಳಪೆಯಾಗಿದ್ದರೂ ವ್ಯಾಪಾರಿಗಳು ಭಾರೀ ಬೆಲೆ ಕೊಟ್ಟು ತುಂಬಿಸಿಕೊಂಡರು. 1973ರಲ್ಲಿ ತೈಲ ಬಿಕ್ಕಟ್ಟು. ಅದೇ ಹೊತ್ತಿಗೆ ಬೋರ್ಡೋದ ಹಳೆಯ ವ್ಯಾಪಾರಿ ಮನೆತನವೊಂದರ ಮೇಲೆ ಕಲಬೆರಕೆಯ ಹಗರಣ. ಬೆಲೆ ಕುಸಿಯಿತು, ಕೊಳ್ಳುವವರು ಮಾಯವಾದರು. ವ್ಯಾಪಾರದಲ್ಲಿ ಸೋತ ಜಿನೆಸ್ತೆಯವರು ತೋಟ ಮಾರಲೇಬೇಕಾಯಿತು. ಅಮೆರಿಕದ ನ್ಯಾಷನಲ್ ಡಿಸ್ಟಿಲರ್ಸ್ ಕಂಪನಿ ಮುಂದೆ ಬಂತು, ಫ್ರೆಂಚ್ ಸರಕಾರ ಬೇಡವೆಂದಿತು. ದೇಶದ ಆಸ್ತಿ ಪರದೇಶದವರ ಪಾಲಾಗಬಾರದು ಎಂಬ ವಾದ. ಕೊನೆಗೆ 1977ರಲ್ಲಿ 7.2 ಕೋಟಿ ಫ್ರಾಂಕಿಗೆ ಕೊಂಡವನು ಆಂದ್ರೆ ಮೆಂಟ್ಜೆಲೊಪುಲೊಸ್. ಅವನೂ ಹುಟ್ಟಿದ್ದು ಗ್ರೀಸಿನಲ್ಲೇ! ಆದರೆ ಫ್ರಾನ್ಸಿನಲ್ಲಿ ನೆಲೆ ನಿಂತು, ಫೆಲಿಕ್ಸ್ ಪೊತೆಂ ಎಂಬ ದಿನಸಿ ಅಂಗಡಿಗಳ ಸರಪಳಿ ನಡೆಸುತ್ತಿದ್ದ.

ವೈನ್ ಮನೆತನದವನಲ್ಲದ ಈ ಕಿರಾಣಿ ವ್ಯಾಪಾರಿ ಮಾಡಿದ್ದು ಏನು? ಬಸಿಗಾಲುವೆ ತೆಗೆಸಿದ, ಬಳ್ಳಿ ನೆಡಿಸಿದ, ಕಟ್ಟಡ ರಿಪೇರಿ ಮಾಡಿಸಿದ. ಬೋರ್ಡೋ ವಿಶ್ವವಿದ್ಯಾಲಯದ ಪ್ರೊಫೆಸರ್ ಎಮಿಲ್ ಪೇನೋ ಅವರನ್ನು ಸಲಹೆಗೆ ಕರೆಸಿದ. ಪೇನೋ ಊರೂರಿನ ತೋಟಗಳಿಗೆ ಹೋಗಿ ಹೇಳುತ್ತಿದ್ದ ಪಾಠದ ತಿರುಳು ಸರಳವಾದದ್ದು: ಹಣ್ಣು ಪೂರ್ತಿ ಮಾಗುವವರೆಗೆ ಕಾಯಿರಿ, ಆರಿಸಿ, ಒಳ್ಳೆಯ ತೊಟ್ಟಿಯದನ್ನು ಮಾತ್ರ ದೊಡ್ಡ ಹೆಸರಿಗೆ ಹಾಕಿ. ಆದರೆ ಹೊರಗಿಟ್ಟದ್ದನ್ನು ಏನು ಮಾಡುವುದು? ಹೆಸರಿಲ್ಲದೆ ಬಿಡಿಯಾಗಿ ಮಾರಿದರೆ ಪುಡಿಗಾಸು. ಆಗ ಹಳೆಯ ಪವಿಯೋಂ ರೂಜ್ ಹೆಸರು ನೆನಪಾಯಿತು, ಅದನ್ನು ಮತ್ತೆ ಎಬ್ಬಿಸಲಾಯಿತು. 1978ರ ಶಾತೊ ಮಾರ್ಗೋ ಬಂದಾಗ ತೋಟ ಮತ್ತೆ ಎದ್ದು ನಿಂತಿತು ಎಂದು ವೈನ್ ಜಗತ್ತು ಒಪ್ಪಿತು. ಮೆಂಟ್ಜೆಲೊಪುಲೊಸ್ 1980ರ ಡಿಸೆಂಬರಿನಲ್ಲಿ ತೀರಿಕೊಂಡ. ತೋಟವನ್ನು ವಹಿಸಿಕೊಂಡವಳು 27 ವರ್ಷದ ಮಗಳು ಕೊರಿನ್. 1983ರಲ್ಲಿ ಅವಳ ಜೊತೆಗೂಡಿದ ತಂತ್ರಜ್ಞ ಪೋಲ್ ಪೊಂತಾಲಿಯೆ 2016ರಲ್ಲಿ ಸಾಯುವವರೆಗೂ ಅಲ್ಲೇ ದುಡಿದ.

ನಮ್ಮ ಲೆಕ್ಕದಲ್ಲಿ ಈ ಕಥೆಯ ನಡುಗಂಬ ಹಣ. ಅರ್ಧ ಬೆಳೆಯನ್ನು ಪಕ್ಕಕ್ಕೆ ಸರಿಸಿ ಕೂರಬೇಕಾದರೆ ಆ ವರ್ಷ ಮನೆ ನಡೆಯಬೇಕು. ದಿನಸಿ ಅಂಗಡಿಗಳ ಗಳಿಕೆ ಇದ್ದವನಿಗೆ ಅದು ಸಾಧ್ಯವಾಯಿತು. ಪೇನೋ ಹೇಳಿದ ಪಾಠ ಸಣ್ಣ ಬೆಳೆಗಾರನಿಗೂ ಗೊತ್ತಿತ್ತು, ಪಾಲಿಸುವ ತಾಕತ್ತು ಇರಲಿಲ್ಲ.

ಆಯ್ಕೆಯ ಜರಡಿ ಆಮೇಲೆ ಸಣ್ಣದಾಗುತ್ತಲೇ ಹೋಯಿತು. ಇತ್ತೀಚಿನ ಹಲವು ವರ್ಷಗಳಲ್ಲಿ ಕೊಯ್ಲಿನ ಮೂರನೇ ಒಂದು ಭಾಗಕ್ಕಿಂತ ತುಸು ಹೆಚ್ಚು ಮಾತ್ರ ಶಾತೊ ಮಾರ್ಗೋ ಆಗುತ್ತಿದೆ. ಮೊದಲಿನದು ಬಿಗಿಯಾದಂತೆ ಕೆಳಗೆ ಇಳಿದ ವೈನಿನಿಂದ ಪವಿಯೋಂ ರೂಜ್ ಸುಧಾರಿಸಿತು. ಅದು ಸುಧಾರಿಸಿದ ಮೇಲೆ ಅದಕ್ಕೂ ಜರಡಿ ಬೇಕಾಯಿತು. ಅಲ್ಲಿಂದ ಹೊರಬಿದ್ದದ್ದಕ್ಕೆ 2009ರ ಬೆಳೆಯಿಂದ ಮೂರನೇ ಹೆಸರು ಬಂತು: ‘ಮಾರ್ಗೋ ದ್ಯು ಶಾತೊ ಮಾರ್ಗೋ’. ಕಡಿಮೆ ಮಾರಿ ಹೆಚ್ಚು ಬೆಲೆ ಪಡೆಯುವ ಜಾಣತನವೂ ಇದರಲ್ಲಿದೆ, ಗುಣಮಟ್ಟದ ಹಟವೂ ಇದೆ. ಎರಡನ್ನೂ ಬಿಡಿಸಿ ನೋಡುವುದು ಕಷ್ಟ. ದೊಡ್ಡದನ್ನು ಕೊಳ್ಳಲಾಗದವರಿಗೆ ಎಟುಕುವ ಬಾಟಲಿ ಎಂದು ಒಂದು ಕಾಲದಲ್ಲಿ ಹೇಳುತ್ತಿದ್ದ ಪವಿಯೋಂ ರೂಜ್ ಇಂದು ನೂರು ಯೂರೊ ದಾಟಿದೆ.

ಲಾಫಿತ್ ತೋಟದ ಎರಡನೇ ವೈನ್ ‘ಕಾರ‍್ಯುಆದ್’ ಇದಕ್ಕಿಂತ ಮುಂದೆ ಹೋಯಿತು. 2008ರಲ್ಲಿ ಹಾಂಗ್‌ಕಾಂಗ್ ವೈನಿನ ಮೇಲಿನ ಸುಂಕ ತೆಗೆದುಹಾಕಿತು, ಚೀನಾದ ಹೊಸ ಸಿರಿವಂತರು ಲಾಫಿತ್ ಹೆಸರಿಗೆ ಮರುಳಾದರು. ಮೊದಲನೆಯದು ಸಿಗದವರು ಎರಡನೆಯದಕ್ಕೆ ಬಿದ್ದರು. ಲೇಬಲ್ ಮೇಲೆ ಲಾಫಿತ್ ಎಂಬ ಅಕ್ಷರ ಇದ್ದರೆ ಸಾಕಾಗಿತ್ತು. 2011ರ ನಂತರ ಆ ಗುಳ್ಳೆ ಒಡೆಯಿತು.

ಇನ್ನು ಅದೇ ಬೋರ್ಡೋ ಸೀಮೆಯ ಹೆಸರಿಲ್ಲದ ಬೆಳೆಗಾರರ ಮಾತು. ಅವರು ವೈನ್ ಮಾರುವುದು ‘ತೊನೊ’ ಲೆಕ್ಕದಲ್ಲಿ. ಒಂದು ತೊನೊ ಅಂದರೆ 900 ಲೀಟರ್, 225 ಲೀಟರಿನ ನಾಲ್ಕು ಪೀಪಾಯಿ, 1200 ಬಾಟಲಿಯಷ್ಟು. ಈಚಿನ ವರ್ಷಗಳಲ್ಲಿ ಸಾಮಾನ್ಯ ಕೆಂಪು ಬೋರ್ಡೋದ ತೊನೊಗೆ ಸಾವಿರ ಯೂರೊ ಕೂಡ ಸಿಗುತ್ತಿಲ್ಲ, ಅಂದರೆ ಬಾಟಲಿಯಷ್ಟು ವೈನಿಗೆ ಒಂದು ಯೂರೊ ಹುಟ್ಟುವುದಿಲ್ಲ. ಫ್ರಾನ್ಸಿನ ಜನ ಕೆಂಪು ವೈನ್ ಕುಡಿಯುವುದನ್ನು ಕಡಿಮೆ ಮಾಡಿದ್ದಾರೆ, ಚೀನಾದ ಬೇಡಿಕೆಯೂ ಇಳಿದಿದೆ. 2022ರ ಡಿಸೆಂಬರಿನಲ್ಲಿ ಬೆಳೆಗಾರರು ಬೋರ್ಡೋ ನಗರದ ಬೀದಿಗಿಳಿದರು. ಅವರ ಬೇಡಿಕೆ ಬೆಂಬಲ ಬೆಲೆಯದಲ್ಲ, ಬಳ್ಳಿ ಕೀಳಲು ಪರಿಹಾರ ಕೊಡಿ ಎಂಬುದು. ಮರುವರ್ಷ ಸರಕಾರ ಮತ್ತು ವೈನ್ ಮಂಡಳಿ ಸೇರಿ ಸುಮಾರು 9,500 ಹೆಕ್ಟೇರು ಕೀಳುವ ಯೋಜನೆ ಹೊರಡಿಸಿದವು. ಹೆಕ್ಟೇರಿಗೆ 6,000 ಯೂರೊ. ಕಿತ್ತ ನೆಲವನ್ನು ಬೀಳು ಬಿಡಬೇಕು, ಇಲ್ಲವೇ ಬೇರೆ ಬೆಳೆ ಇಡಬೇಕು.