ಪಿಟೀಲು ಚೌಡಯ್ಯನವರ ಏಳು ತಂತಿಗಳು

ಹಾಡಿಗೆ ಎಷ್ಟು ತಂತಿಗಳು ಬೇಕು? ಕುಸನೂರನ್ನೊಳಗೊಂಡ ಕಲಬುರಗಿ ಸೀಮೆಯಲ್ಲಿ ತತ್ವಪದ ಹಾಡುವವರಿಗೆ ಏಕತಾರಿಯ ಒಂದೇ ತಂತಿ ಸಾಕು. ಪಿಟೀಲಿಗೆ ನಾಲ್ಕು ತಂತಿಗಳೆಂಬುದು ಲೋಕರೂಢಿ. ಅದನ್ನು ಏಳಕ್ಕೇರಿಸಿದವರು ತಿರುಮಕೂಡಲು ಚೌಡಯ್ಯನವರು. ಇದರ ಕಾರಣವನ್ನು ನಾವು ಇಲ್ಲಿ ವಿಚಾರಿಸೋಣ.

ಪಿಟೀಲು ನಮ್ಮಲ್ಲಿಗೆ ಯೂರೋಪಿನಿಂದ ಬಂದುದು. ಅಮೆರಿಕದ ಅಪಲೇಚಿಯನ್ ಬೆಟ್ಟಗಳ ಜನರು ಅದನ್ನು ಬ್ಯಾಂಜೋವಿನ ಜೊತೆಯಲ್ಲಿ ಕುಣಿತಕ್ಕೆ ಒಗ್ಗಿಸಿಕೊಂಡರು. ಮುತ್ತುಸ್ವಾಮಿ ದೀಕ್ಷಿತರ ಸೋದರ ಬಾಲುಸ್ವಾಮಿ ದೀಕ್ಷಿತರೇ ಮೊದಲಾದವರು 19ನೆಯ ಶತಮಾನದಲ್ಲಿ ಅದನ್ನು ರಾಗಕ್ಕೆ ಒಗ್ಗಿಸಿದರು. ನೆಲದ ಮೇಲೆ ಕುಳಿತು, ವಾದ್ಯವನ್ನು ಎದೆಗೂ ಪಾದಕ್ಕೂ ಆನಿಸಿದುದರಿಂದ ಎಡಗೈ ಸ್ವತಂತ್ರವಾಯಿತು, ಗಮಕಗಳು ಸುಲಭಸಾಧ್ಯವಾದುವು.

ಚೌಡಯ್ಯನವರು ಹುಟ್ಟಿದುದು 1895ರ ಜನವರಿ 1ರಂದು. 1910ರಲ್ಲಿ ಮೈಸೂರಿನ ಬಿಡಾರಂ ಕೃಷ್ಣಪ್ಪನವರ ಶಿಷ್ಯರಾಗಿ, ಎಂಟು ವರ್ಷ ಕಠಿನ ಅಭ್ಯಾಸ ಮಾಡಿದರು. ಆ ಬಳಿಕ ಚೆಂಬೈ ವೈದ್ಯನಾಥ ಭಾಗವತರಂತಹ ಮಹಾಗಾಯಕರಿಗೆ ಪಕ್ಕವಾದ್ಯ ನುಡಿಸಿದರು. ಅದು ಧ್ವನಿವರ್ಧಕಗಳು ರೂಢಿಗೆ ಬಾರದ ಕಾಲ. ಗಾಯಕರ ಕಂಠ ಸಭೆಯ ಕೊನೆಗೆ ಮುಟ್ಟಿದರೂ ಪಿಟೀಲಿನ ನಾದ ನಡುವಿನಲ್ಲಿಯೇ ಅಡಗಿಹೋಗುತ್ತಿತ್ತು. ಹಿಂದೆ ಕುಳಿತ ರಸಿಕನಿಗೆ ಅರ್ಧ ಕಚೇರಿಯೇ ದಕ್ಕುತ್ತಿತ್ತು.

ಇದಕ್ಕೆ ಪರಿಹಾರವಾಗಿ ಅವರು 1927ರ ಹೊತ್ತಿಗೆ ಮೂರು ತಂತಿಗಳಿಗೆ ಒಂದೊಂದು ಜೊತೆತಂತಿಯನ್ನು ಕೂಡಿಸಿ ಏಳು ತಂತಿಯ ಪಿಟೀಲನ್ನು ನುಡಿಸತೊಡಗಿದರು. ನಾದ ತುಂಬಿಬಂದಿತು. ಆದರೆ ಲಾಭವು ಬೆಲೆಯಿಲ್ಲದೆ ಬರಲಿಲ್ಲ. ಜೊತೆತಂತಿಗಳ ಶ್ರುತಿ ಸದಾ ಕೂಡಿರಬೇಕು. ಒಂದೇ ಬೆರಳು ಎರಡನ್ನೂ ಸಮನಾಗಿ ಒತ್ತಬೇಕು. ಕೂದಲೆಳೆಯಷ್ಟು ತಪ್ಪಿದರೂ ಅಪಸ್ವರವೇ ಸರಿ. ಅಂತಹ ವಾದ್ಯದಲ್ಲಿ ಸುನಾದವನ್ನು ಹೊರಡಿಸಿದುದು ಸಾಧನೆಯ ಫಲವಲ್ಲದೆ ಉಪಾಯದ ಫಲವಲ್ಲ.

'ತ್ರಿಮಕುಟ' ಎಂಬ ಅಂಕಿತದಲ್ಲಿ ಅವರು ಕೃತಿಗಳನ್ನೂ ರಚಿಸಿದರು. 1943ರಲ್ಲಿ 'ವಾಣಿ' ಚಲಚ್ಚಿತ್ರವನ್ನು ನಿರ್ಮಿಸಿದರು. 1957ರಲ್ಲಿ ಮದರಾಸಿನ ಸಂಗೀತ ಅಕಾಡೆಮಿಯ ಸಂಗೀತ ಕಲಾನಿಧಿ ಬಿರುದು ಅವರಿಗೆ ಸಂದಿತು. 1967ರ ಜನವರಿ 19ರಂದು ಕಾಲವಾದರು. ಬೆಂಗಳೂರಿನಲ್ಲಿ 1980ರಲ್ಲಿ ತೆರೆದ ಅವರ ಸ್ಮಾರಕಭವನವು ಪಿಟೀಲಿನ ಆಕಾರದಲ್ಲಿಯೇ ಇರುವುದು.

ಧ್ವನಿವರ್ಧಕವು ಬಂದ ಮೇಲೆ ಏಳು ತಂತಿಯ ಅಗತ್ಯ ತಗ್ಗಿತು. ಅವರ ಜಾಡಿನಲ್ಲಿ ನಡೆದವರು ವಿರಳ. ಹಾಗೆಂದು ಅವರ ಶ್ರಮ ವ್ಯರ್ಥವಾಯಿತೆನ್ನಬಹುದೆ? ವಾದ್ಯವು ಪೂಜೆಯ ವಿಗ್ರಹವಲ್ಲ, ಸಂಗೀತದ ಸಾಧನವೆಂದು ಅವರು ತೋರಿಸಿಕೊಟ್ಟರು. ಪಕ್ಕದಲ್ಲಿ ಕುಳಿತವನ ನಾದವೂ ಕೊನೆಯ ಸಾಲಿನ ಶ್ರೋತೃವಿಗೆ ಸಲ್ಲತಕ್ಕದ್ದೆಂದು ಬಗೆದರು. ಸಂಪ್ರದಾಯವು ಇಂತಹವರಿಂದಲೇ ಬಾಳುವುದೆಂದು ನಮ್ಮ ಅಭಿಪ್ರಾಯ.