ಹಿಮದ ಗಾಡೀನ ಹೊರೋ ಗಾಡಿ

"ಹಿಮದ ಮ್ಯಾಲೆ ತಾನs ಓಡೋ ಗಾಡಿ ಅಂತೀ, ಅದನ್ನ ಒಯ್ಯಾಕ ಮತ್ತೊಂದು ಗಾಡಿ ಯಾಕ ಬೇಕವಾ?" ಅಂತ ಎದುರುಮನಿ ವೈನಿ ಕೇಳಿದ್ರು. ಮಿನ್ನೆಸೋಟಾದಾಗ ಇರೋ ನನ್ನ ಮಗಳು, ಅವರ ಓಣಿಯವ್ರೊಬ್ರು ಸ್ನೋಮೊಬೈಲ್ ಹೇರಾಕ ಮನಿಯಾಗs ಟ್ರೇಲರ್ ಕಟ್ಟೋ ಫೋಟೋ ಕಳಿಸಿದ್ಲು. ಅದನ್ನ ನೋಡಿ ಕೇಳಿದ ಮಾತದು. ಪ್ರಶ್ನೆ ಛಲೋ ಅದ. ಉತ್ತರಾ ಹುಡುಕಬೇಕಂದ್ರ ನೂರು ವರ್ಷ ಹಿಂದಕ್ಕ, ಕೆನಡಾದ ಕ್ವಿಬೆಕ್ ಪ್ರಾಂತದ ವಾಲ್ಕೋರ್ ಅನ್ನೋ ಊರಿಗೆ ಹೋಗಬೇಕಾಗ್ತದ.

ಅಲ್ಲಿ ಜೋಸೆಫ್ ಅರ್ಮಾಂಡ್ ಬೊಂಬಾರ್ಡಿಯೆ ಅಂತ ಒಬ್ಬ ಹುಡುಗ ಇದ್ದ. 1922ರ ಕೊನಿಗೆ, ಇನ್ನೂ 15 ವರ್ಷದಾಂವ, ಅಪ್ಪನ ಹಳೆ ಫೋರ್ಡ್ ಕಾರಿನ ಇಂಜಿನ್ನು ಜಾರುಬಂಡಿ ಮ್ಯಾಲೆ ಕೂಡಿಸಿ, ಹಿಂದ ವಿಮಾನದ್ದರಂಥಾ ಪಂಖಾ ಹಚ್ಚಿ ಊರಾಗ ಓಡಿಸೇಬಿಟ್ಟ. ಅಪ್ಪ ಹೆದರಿ ಅದನ್ನ ಬಿಚ್ಚಿಸಿದ. ತಿರುಗೋ ಪಂಖಾ ಬಯಲಿಗೇ ಇದ್ದರ ಯಾವ ಅಪ್ಪ ಸುಮ್ಮನಿರ್ತಾನ, ನೀವs ಹೇಳ್ರಿ.

ಆ ಕಾಲಕ್ಕ ಅಲ್ಲಿ ಛಳಿಗಾಲ ಅಂದ್ರ ದಾರಿ ಮುಚ್ಚೋ ಕಾಲ. ಕಾರು ಇದ್ದವ್ರು ಅದನ್ನ ಶೆಡ್ಡಿನಾಗ ಎತ್ತಿಟ್ಟು ಕುದುರಿ ಜಾರುಬಂಡಿ ಹೂಡತಿದ್ರು. ನಮ್ಮ ಕಡೆ ಮಳೆಗಾಲದಾಗ ಎರಿ ಮಣ್ಣಿನ ದಾರಿಯೊಳಗ ಚಕ್ಕಡಿ ಹುಗದು, ಹಳ್ಳ ಬಂದು ಊರು ಕಡದು ಹೋಗ್ತಿತ್ತಲ್ಲ, ಹಂಗs. ಆದ್ರ ಅವರದು ತಿಂಗಳುಗಟ್ಟಲೆ. 1934ರ ಛಳಿಗಾಲದಾಗ ಬೊಂಬಾರ್ಡಿಯೆಯ ಎರಡು ವರ್ಷದ ಮಗನಿಗೆ ಹೊಟ್ಟಿಬ್ಯಾನಿ ಸುರುವಾತು. ಅಪೆಂಡಿಕ್ಸ್ ಕೆಟ್ಟು ನಂಜು ಹೊಟ್ಟಿತುಂಬ ಹಬ್ಬಿತ್ತು. ಆಸ್ಪತ್ರಿ ದೂರ, ದಾರಿ ಬಂದ್. ಊರ ಮಂದಿ ಗಾಡಿ ಎಲ್ಲಾ ರಿಪೇರಿ ಮಾಡೋ ಮನುಷ್ಯಾ, ತನ್ನ ಕೂಸಿನ್ನ ಒಯ್ಯಾಕ ಹಿಮದಾಗ ಓಡೋ ಒಂದು ಗಾಡಿ ಕೈಯಾಗ ಇರಲಿಲ್ಲ. ಕೂಸು ಉಳೀಲಿಲ್ಲ. ಈ ಕತಿ ಹೇಳೋರೆಲ್ಲ ಅಪ್ಪನ ಬುದ್ಧಿವಂತಿಕಿ ಹೇಳ್ತಾರ, ನನಗ ಮಾತ್ರ ಆ ತಾಯಿದs ವಿಚಾರ ಬರ್ತದ.

ಮುಂದ ಆಂವ ಹಲ್ಲಿನ ಗಾಲಿ ಮ್ಯಾಲೆ ರಬ್ಬರಿನ ಪಟ್ಟಾ ತಿರುಗೋ ಹಂಗ ಮಾಡಿ, 1937ರಾಗ ಪೇಟೆಂಟ್ ತಗೊಂಡ. ಮುಂದ ಸ್ಕೀ, ಹಿಂದ ಪಟ್ಟಾ. ಮೊದಲ ಗಾಡಿಯೊಳಗ ಏಳು ಮಂದಿ ಕೂಡತಿದ್ರು, ಆಮ್ಯಾಲೆ ಹನ್ನೆರಡು ಮಂದಿದು ಬಂತು. ಡಾಕ್ಟರು, ಟಪಾಲಿನವರು, ಸಾಲಿ ಮಕ್ಕಳು ಎಲ್ಲಾರೂ ಅದರಾಗs ಅಡ್ಡಾಡಿದ್ರು. ಆ ಗಾಡಿಗೆ ಟ್ರೇಲರ್ ಬೇಕಿರಲಿಲ್ಲ, ಮನಿ ಬಾಗಲದಿಂದ ಆಸ್ಪತ್ರಿ ಬಾಗಲತನಾ ಹಿಮಾನs ದಾರಿ.

1948ರಾಗ ಕ್ವಿಬೆಕ್ ಸರಕಾರ ಹಳ್ಳಿ ರಸ್ತೆಗಳ ಹಿಮಾನೂ ತೆಗೀಬೇಕು ಅಂತ ಕಾಯಿದೆ ಮಾಡಿತು. ದಾರಿ ತೆರದ್ವು, ಇವನ ದೊಡ್ಡ ಗಾಡಿ ಮಾರಾಟ ಬಿತ್ತು. ವ್ಯಾಪಾರಕ್ಕ ಪೆಟ್ಟು ಖರೆ, ಆದ್ರ ಹಡದವರಿಗೆ ಅದಕ್ಕಿಂತ ಛಲೋ ಸುದ್ದಿ ಯಾವುದಿತ್ತು? ಆಂವ ಸಣ್ಣ ಹಗುರ ಗಾಡಿ ಕಡೆ ತಿರುಗಿ 1959ರಾಗ ಸ್ಕೀಡೂ ಹೊರಗ ತಂದ. ಅದಕ್ಕ ಮೊದಲು ಇಟ್ಟ ಹೆಸರು ಸ್ಕೀಡಾಗ್, ಅಂದ್ರ ಹಿಮದ ನಾಯಿ. ಬರಿಯೋದ್ರಾಗ ತಪ್ಪಾಗಿ ಸ್ಕೀಡೂ ಆತು ಅಂತಾರ. ಮಿನ್ನೆಸೋಟಾದ ರೋಸೋ ಊರಾಗೂ ಒಕ್ಕಲುತನದ ಯಂತ್ರ ಮಾಡೋರು ಅಷ್ಟೊತ್ತಿಗೆ ತಮ್ಮದೊಂದು ಗಾಡಿ ಮಾಡಿದ್ರು, ಅದs ಇವತ್ತಿನ ಪೊಲಾರಿಸ್.

ಈಗ ವೈನಿ ಪ್ರಶ್ನೆಗೆ ಬರೋಣ. ದಾರಿ ತೆರೀತು ಅಂದ್ರ ಡಾಂಬರು ಮ್ಯಾಲೆ ಬಂತು. ಒಣ ಡಾಂಬರಿನ ಮ್ಯಾಲೆ ಸ್ಕೀ ಸವೀತದ, ಪಟ್ಟಾ ಹಾಳಾಗ್ತದ, ರಸ್ತೆಗುಂಟ ಓಡಸಾಕ ಬಹಳಷ್ಟು ಕಡೆ ಕಾಯಿದೆನೂ ಬಿಡೂದಿಲ್ಲ. ಗಾಡಿ ಪ್ಯಾಟ್ಯಾಗ, ಹಿಮದ ದಾರಿ ದೂರದ ಅಡವ್ಯಾಗ. ಮಂದೀನ ಹೊರಾಕ ಹುಟ್ಟಿದ ಗಾಡೀನ ಈಗ ಕಾರಿನ ಹಿಂದ ಹೊತ್ತುಕೊಂಡು ಹೋಗಬೇಕಾತು.

ಕೊಂಡುಕೊಳ್ಳೂದು ತುಟ್ಟಿ, ಹಿಂಗಾಗಿ ಹಳೆ ದೋಣಿ ಟ್ರೇಲರಿನ ಅಚ್ಚು, ಗಾಲಿ ತಂದು, ಕಬ್ಬಿಣದ ಚೌಕಟ್ಟು ಬೆಸುಗಿ ಹಾಕಿ, ಮ್ಯಾಲೆ ಪ್ಲೈವುಡ್ ಬಡದು ಕಟ್ತಾರ. ಒಂದು ಗಾಡಿ ಸುಮಾರು ನಾಕು ಫೂಟು ಅಗಲ, ಪ್ಲೈವುಡ್ ಹಲಗಿ ಬರೋದು 4 ಫೂಟು ಅಗಲ, 8 ಫೂಟು ಉದ್ದ. ಬಾಜು ಬಾಜು ಎರಡು ಗಾಡಿ ನಿಲ್ಲಿಸಬೇಕಂದ್ರ ಎಂಟು ಫೂಟು ಅಗಲ ಆತು. ಮುಂದಿನ ಕೀಲ್ ತಗದ್ರ ಹಲಗಿ ಚಕ್ಕಡಿ ಮೂಕಿ ಎತ್ತಿದಂಗ ಹಿಂದಕ್ಕ ವಾಲಿ ನೆಲಾ ಮುಟ್ಟತದ. ಗಾಡಿ ಏರಿ ಮುಂದ ಬಂತಂದ್ರ ಅದರ ಭಾರಕ್ಕs ಹಲಗಿ ಕೆಳಗ ಕೂಡತದ, ಕೀಲ್ ಹಾಕಿದ್ರ ಮುಗೀತು.

ಇದರಾಗಿನ ಜೀವಾ ಇರೋದು ಅಚ್ಚು ಎಲ್ಲಿ ಕೂಡಸ್ತೀರಿ ಅನ್ನೋದ್ರಾಗ. ಚಕ್ಕಡಿ ಹೇರೋದು ನೋಡಿದವರಿಗೆ ಬಿಡಿಸಿ ಹೇಳೋದು ಬ್ಯಾಡ. ಹಿಂದ ಭಾರ ಹೆಚ್ಚಾದ್ರ ಮೂಕಿ ಮ್ಯಾಲೇಳತದ, ಮುಂದ ಹೆಚ್ಚಾದ್ರ ಎತ್ತಿನ ಹೆಗಲು ಬಾಯತದ. ಟ್ರೇಲರಿನಾಗೂ ಅದs ಲೆಕ್ಕ: ಒಟ್ಟು ಭಾರದಾಗ ನೂರಕ್ಕ ಹತ್ತರಿಂದ ಹದಿನೈದು ಪಾಲು ಕಾರಿನ ಕೊಂಡಿ ಮ್ಯಾಲೆ ಇರಬೇಕು. ಕಡಿಮಿ ಆದ್ರ ಜೋರಾಗಿ ಹೋಗೋವಾಗ ಟ್ರೇಲರು ಬಾಲಾ ಬೀಸಿದಂಗ ಆ ಕಡೆ ಈ ಕಡೆ ಓಲಾಡಿ ಕಾರನ್ನೂ ಎಳಕೊಂಡು ಹೋಗ್ತದ. ಕೊಂಡಿ ಬಿಚ್ಚಿದ್ರ ಅಂತ ಎರಡು ಸರಪಳಿ ಕತ್ತರಿ ಆಕಾರದಾಗ ಕಟ್ಟತಾರ, ಮೂಕಿ ನೆಲಕ್ಕ ಬೀಳದಂಗ ಅವು ಹಿಡೀತಾವ.

ಹಿಮಾ ಕರಗಲಿ ಅಂತ ರಸ್ತೆಗೆ ಚೆಲ್ಲೋ ಉಪ್ಪು ಕಬ್ಬಿಣಾ ತಿಂತದ. ಹಿಂಗಾಗಿ ಪ್ರತಿ ಸಲ ಬಂದ ಮ್ಯಾಲೆ ತೊಳೀಬೇಕು, ವರ್ಷಾ ಗಾಲಿ ಬಿಚ್ಚಿ ಗ್ರೀಸು ತುಂಬಬೇಕು. ನಮ್ಮ ಅಜ್ಜ ಚಕ್ಕಡಿಗೆ ಕೀಲೆಣ್ಣಿ ಹಾಕ್ತಿದ್ನಲ್ಲ, ಅದs ಕೆಲಸಾ.