ಕೇಂದ್ರ: ಒಂದು ಪದದ ಪ್ರವಾಸ

'ಆಕಾಶವಾಣಿ, ವಿಜಯವಾಡ ಕೇಂದ್ರಂ' ಎಂಬ ಮಾತು ಆಂಧ್ರದಲ್ಲಿ ನೆಲೆಸಿರುವ ನಮಗೆಲ್ಲ ಚಿರಪರಿಚಿತ. ಇದನ್ನು ಕೇಳಿ ಬೆಳೆದ ಮಕ್ಕಳು ಕನ್ನಡ ಬರೆಯುವಾಗಲೂ 'ಕೇಂದ್ರಂ' ಎಂದರೆ, ತೆಲುಗು ಬೆರೆತು ಕನ್ನಡ ಕೆಟ್ಟಿತೆಂದು ನಾವು ಹಿರಿಯರು ಬೇಸರಪಡುತ್ತೇವೆ. ಆದರೆ ಈ ಪದ ಮೂಲತಃ ಯಾರದು? ತೆಲುಗರದೂ ಅಲ್ಲ, ನಮ್ಮದೂ ಅಲ್ಲ, ಸಂಸ್ಕೃತದ್ದೂ ಅಲ್ಲ. ಅದು ಗ್ರೀಕರದು.

ಗ್ರೀಕಿನಲ್ಲಿ 'ಕೆಂಟ್ರೊನ್' ಎಂದರೆ ಎತ್ತನ್ನು ತಿವಿಯುವ ಕೋಲಿನ ಮೊನೆ. 'ಚುಚ್ಚು' ಎಂಬರ್ಥದ ಧಾತುವಿನಿಂದ ಹುಟ್ಟಿದ ಪದವಿದು. ಕೈವಾರದ ಒಂದು ಮೊನೆಯನ್ನು ಚುಚ್ಚಿ ನಿಲ್ಲಿಸಿ ಇನ್ನೊಂದನ್ನು ಸುತ್ತಿಸಿದರೆ ವೃತ್ತವಾಗುತ್ತದಷ್ಟೆ. ಚುಚ್ಚಿದ ಆ ಬಿಂದುವಿಗೂ ಅದೇ ಹೆಸರು ನಿಂತಿತು.

ಮುಂದೆ ಪದವು ಎರಡು ದಿಕ್ಕಿಗೆ ಹೊರಟಿತು. ಪಶ್ಚಿಮದಲ್ಲಿ ಲ್ಯಾಟಿನ್ ಭಾಷೆ, ಗ್ರೀಕಿನ ನಪುಂಸಕಲಿಂಗದ 'ಒನ್' ಪ್ರತ್ಯಯವನ್ನು ಕಳಚಿ, ತನ್ನ 'ಉಮ್' ತೊಡಿಸಿ 'ಕೆಂಟ್ರುಮ್' ಮಾಡಿಕೊಂಡಿತು. ಷಷ್ಠಿಯಲ್ಲಿ ಅದು 'ಕೆಂಟ್ರಿ', ಬಹುವಚನದಲ್ಲಿ 'ಕೆಂಟ್ರ'. ಪೂರ್ವದಲ್ಲಿ ಜ್ಯೋತಿಷ್ಯದ ಜೊತೆಗೆ ಅದು ಸಂಸ್ಕೃತಕ್ಕೆ ಬಂದು 'ಕೇಂದ್ರಮ್' ಆಯಿತು. 6ನೆಯ ಶತಮಾನದ ವರಾಹಮಿಹಿರನ 'ಬೃಹಜ್ಜಾತಕ'ದಲ್ಲಿ ಅದು ಬಳಕೆಯಾಗಿದೆ. ಜಾತಕದ 1, 4, 7, 10ನೆಯ ಮನೆಗಳು ಕೇಂದ್ರಗಳೆಂದು ನಮ್ಮ ಜೋಯಿಸರು ಇಂದಿಗೂ ಹೇಳುತ್ತಾರೆ. ಅವರ 'ಹೋರಾ' ಕೂಡ ಗ್ರೀಕಿನದೇ. 'ಒನ್', 'ಉಮ್', 'ಅಮ್' ಎಂಬ ಮೂರು ಪ್ರತ್ಯಯಗಳಾದರೂ ಒಂದೇ ಮೂಲದ ಒಡಹುಟ್ಟುಗಳು.

ತೆಲುಗಿನಲ್ಲಿ ಅದು 'ಕೇಂದ್ರಮು', ಆಡುಮಾತಿನಲ್ಲಿ 'ಕೇಂದ್ರಂ'. ಹಾಗೆಂದು ಆ ಬಿಂದು ನಮಗೆ ಹೊರಗಿನದೆನ್ನುವಂತಿಲ್ಲ. ಹಳಗನ್ನಡದಲ್ಲಿ ಮರವೂ 'ಮರಂ' ಆಗಿತ್ತು. 13ನೆಯ ಶತಮಾನದ ಕೇಶಿರಾಜನ ವ್ಯಾಕರಣದಲ್ಲಿ 'ಮ್' ಪ್ರಥಮಾ ವಿಭಕ್ತಿಯ ಪ್ರತ್ಯಯ. ಹೊಸಗನ್ನಡ ಅದನ್ನು ಬಿಟ್ಟಿತು, ಅಷ್ಟೆ.

ಪಶ್ಚಿಮಕ್ಕೆ ಹೋದ ಪದವೂ ಫ್ರೆಂಚ್, ಇಂಗ್ಲಿಷುಗಳನ್ನು ಹಾದು 'ಸೆಂಟರ್' ಆಗಿ ಇಲ್ಲಿಗೇ ಬಂದಿದೆ. ವಿಜಯವಾಡದ ಲೆನಿನ್ ಸೆಂಟರಿನಲ್ಲಿ ನಿಂತು ಆಕಾಶವಾಣಿ ಕೇಂದ್ರದ ದಾರಿ ಕೇಳಿದವರು ಒಂದೇ ಪದವನ್ನು ಎರಡು ಬಾರಿ ಆಡಿದಂತೆ! ವಿಶಾಖಪಟ್ಟಣದಲ್ಲಾದರೋ ಅಂಥ ಕೂಡುರಸ್ತೆ 'ಜಂಕ್ಷನ್'. ಜಗದಾಂಬ ಜಂಕ್ಷನ್ನಿನ ಆ ಪದ ಲ್ಯಾಟಿನ್ನಿನ ಸ್ವಂತ ಆಸ್ತಿ.

ಪದಗಳು ಹೀಗೆ ಊರೂರು ಅಲೆಯುತ್ತವೆ. ಅದರಿಂದ ಯಾವ ಭಾಷೆಯೂ ಕೆಟ್ಟಿಲ್ಲ. ಬಂದ ಪದಕ್ಕೆ ಪ್ರತಿ ಭಾಷೆಯೂ ತನ್ನ ವಿಭಕ್ತಿಯನ್ನು ತೊಡಿಸಿದೆ. ತೆಲುಗರು 'ಕೇಂದ್ರಾನಿಕಿ' ಎಂದರೆ ನಾವು 'ಕೇಂದ್ರಕ್ಕೆ' ಎನ್ನುತ್ತೇವೆ. ಆದ್ದರಿಂದ ಮಕ್ಕಳ ಮಾತಿನಲ್ಲಿ ನಾಲ್ಕು ತೆಲುಗು ಪದ ಸೇರಿದರೆ ಗಾಬರಿ ಬೇಡ. 'ಕೇಂದ್ರಂಲೋ ಇದೆ' ಎಂದಾಗ ಮಾತ್ರ 'ಕೇಂದ್ರದಲ್ಲಿ ಇದೆ' ಎಂದು ಪ್ರೀತಿಯಿಂದ ತಿದ್ದೋಣ. ಪರವೂರಿನಲ್ಲಿ ನಾವು ಉಳಿಸಿಕೊಳ್ಳಬೇಕಾದ ಕನ್ನಡ ಮುಖ್ಯವಾಗಿ ಆ 'ಅಲ್ಲಿ'ಯಲ್ಲಿದೆ.